ಹಡಗಿಗೆ ಹೊರಟ ಬೀಗರು

ಎಲ್ಲದಕ್ಕೂ ಮೂಲ ಒಂದು ಕಿಟಕಿ ಸೀಟು.

ಪ್ರವಾಸದ ಮೊದಲ ದಿನ ಬಸ್ಸಿನಲ್ಲಿ ಬೀಗರ ಪಾಲಿಗೆ ಬಂದದ್ದು ಕಟ್ಟಕಡೆಯ ಸಾಲಿನ ನಟ್ಟನಡುವಿನ ಜಾಗ. ಅಲ್ಲಿ ಕೂತವರಿಗೆ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಮುಂದಿನವರ ಬೋಳುತಲೆಗಳೇ ಸೃಷ್ಟಿ ಸೌಂದರ್ಯ. ಬೀಗರು ನಿಟ್ಟುಸಿರು ಬಿಟ್ಟರು. ಪಕ್ಕದಲ್ಲಿದ್ದ ನರ್ಸಮ್ಮ ಕೇಳಿದರು, "ಒಬ್ರೇ ಬಂದಿದ್ದೀರಾ? ಮನೆಯವರು?"

"ಅವಳು ಹಡಗಲ್ಲಿದ್ದಾಳೆ. ಮದುವೆಯಾಗಿ ಮೂವತ್ತು ವರ್ಷ, ಒಂದು ದಿನ ಬಿಟ್ಟಿದ್ದೋರಲ್ಲ ನಾವು. ಈಗ ನೋಡಿ, ಅವಳು ನೀರಲ್ಲಿ, ನಾನು ನೆಲದಲ್ಲಿ."

ಐದು ನಿಮಿಷದಲ್ಲಿ ಸುದ್ದಿ ಡ್ರೈವರ್ ತನಕ ಮುಟ್ಟಿತು. ಹತ್ತನೆಯ ನಿಮಿಷಕ್ಕೆ ಬೀಗರು ಮೊದಲ ಸಾಲಿನ ಕಿಟಕಿಗೆ ಒರಗಿ ಕೂತಿದ್ದರು, ಮಡಿಲಲ್ಲಿ ಯಾರದೋ ಬಿಸ್ಕತ್ತಿನ ಪೊಟ್ಟಣ.

ಬೀಗರು ಎಂಬುದು ಅವರ ಹೆಸರೇನಲ್ಲ. ಅವರದು ಬೀಗ ರಿಪೇರಿಯ ಅಂಗಡಿ. ಎಲ್ಲರೂ ಪರಿಚಯ ಹೇಳಿಕೊಳ್ಳುವಾಗ "ನಾನು ಬೀಗದವನು" ಎಂದರು. ಕಿವಿ ಮಂದವಾಗಿದ್ದ ಒಬ್ಬ ಅಜ್ಜ "ಯಾರ ಕಡೆ ಬೀಗರು?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು, ಅವರು ಬಸ್ಸಿಗೆಲ್ಲ ಬೀಗರಾದರು. ಬೀಗರೆಂದ ಮೇಲೆ ಉಪಚಾರ ಮಾಡದೆ ಬಿಡುವುದುಂಟೆ? ಅದರಲ್ಲೂ ಹೆಂಡತಿಯನ್ನು ಅಗಲಿದ ಬೀಗರು!

ಅಗಲಿಕೆಯ ಕತೆ ಇಷ್ಟೆ. ಬೀಗರ ಅಂಗಡಿ ಎಂದರೆ ಇಬ್ಬರು ನಿಂತರೆ ಮೂರನೆಯವರು ಉಸಿರಾಡಲಾಗದ ಗೂಡು. ಅದರ ಗೋಡೆಯ ಮೇಲೊಂದು ಹಡಗಿನ ಚಿತ್ರ. ದಿನವೆಲ್ಲ ಕೀಲಿ ಉಜ್ಜುತ್ತ ಅದನ್ನೇ ನೋಡುತ್ತಿದ್ದ ಬೀಗರಿಗೆ, ಸಾಯುವುದರೊಳಗೆ ಒಮ್ಮೆ ಹಡಗು ಹತ್ತಬೇಕೆಂಬ ಆಸೆ. ಹೆಂಡತಿ ಸಸಿ ಮಾರುವವಳು. ಅವಳಿಗೆ ಬೆಟ್ಟದ ಕಾಡುಹೂಗಳನ್ನು ನೋಡುವಾಸೆ. ನೀರೋ ಬೆಟ್ಟವೋ ಎಂದು ವರ್ಷಗಟ್ಟಲೆ ಜಗಳವಾಡಿ, ಕೊನೆಗೆ ಎರಡೂ ಕೂಡಿದ ಪ್ರವಾಸವೊಂದನ್ನು ಹುಡುಕಿದರು. ರಸ್ತೆ ಅಪರೂಪವಾದ ಕಡಲಂಚಿನಲ್ಲಿ ಒಂದು ವಾರ ಹಡಗು, ಒಳನಾಡಿನ ಬೆಟ್ಟಗಳಲ್ಲಿ ಒಂದು ವಾರ ಬಸ್ಸು. ಒಂದು ತಂಡ ಹಡಗಿನಲ್ಲಿ ಹೋಗಿ ಬಸ್ಸಿನಲ್ಲಿ ಮರಳುವುದು, ಇನ್ನೊಂದು ಬಸ್ಸಿನಲ್ಲಿ ಹೋಗಿ ಹಡಗಿನಲ್ಲಿ ಮರಳುವುದು. ಭೂಮಿ ಮುಗಿಯುವಲ್ಲಿ ದೋಣಿ ಹತ್ತುವ ಒಂದು ಕಟ್ಟೆ. ಎಂಟನೆಯ ದಿನ ಅಲ್ಲಿ ಎರಡೂ ತಂಡಗಳ ಅದಲು ಬದಲು.

ಪ್ರವಾಸದ ಕಚೇರಿಯ ಗುಮಾಸ್ತ ಗಂಡನ ಅರ್ಜಿಯನ್ನು ಒಂದು ಕಟ್ಟಿಗೂ ಹೆಂಡತಿಯದನ್ನು ಇನ್ನೊಂದು ಕಟ್ಟಿಗೂ ಸೇರಿಸಿಬಿಟ್ಟಿದ್ದ. ಗೊತ್ತಾಗುವ ಹೊತ್ತಿಗೆ ಹಡಗು ಕೂಗು ಹಾಕಿಯಾಗಿತ್ತು. "ಹೋಗಲಿ ಬಿಡ್ರೀ, ನಡುವೆ ಕಟ್ಟೆ ಮೇಲೆ ಒಂದು ಗಳಿಗೆ ಸಿಗ್ತೀವಲ್ಲ" ಎಂದು ಹೆಂಡತಿ ಹಡಗು ಹತ್ತಿದಳು. ಬೀಗರು ಬಸ್ಸು ಹತ್ತಿದರು.

ನಿಜ ಹೇಳಬೇಕೆಂದರೆ ವಾರವೆಲ್ಲ ಬೀಗರಿಗೆ ಒಂದು ಕೂದಲೂ ಕೊಂಕಲಿಲ್ಲ. ಊಟಕ್ಕೆ ಮೊದಲ ತಟ್ಟೆ ಅವರಿಗೆ, ಚಳಿಗೆ ದಪ್ಪನೆಯ ಕಂಬಳಿ ಅವರಿಗೆ. ಕರುಣೆಯ ಕಾವು ಸ್ವಲ್ಪ ಇಳಿಯಿತೆಂದು ಕಂಡರೆ ಕಿಟಕಿಯಾಚೆ ನೋಡುತ್ತ, "ಈ ಹೂ ಅವಳು ನೋಡಿದ್ರೆ..." ಎನ್ನುತ್ತಿದ್ದರು. ಕೂಡಲೇ ಹಿಂದಿನ ಸೀಟಿನಿಂದ ಏನಾದರೊಂದು ತಿಂಡಿ ಮುಂದೆ ಬರುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಬಸ್ಸು ಕೊನೆಯ ಘಟ್ಟ ಇಳಿಯತೊಡಗಿತು. ದೂರದಲ್ಲಿ ಸಮುದ್ರ ಕಂಡಿತು. ಅದರ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಹಡಗು. ಬೀಗರ ಎದೆ ಹೊಸ ಬೀಗದಂತೆ ಟಕ್ಕೆಂದಿತು. ಅಷ್ಟರಲ್ಲಿ ನಿವೃತ್ತ ಹೆಡ್‌ಮೇಡಂ ಎದ್ದು ನಿಂತರು. ಮೂವತ್ತೈದು ವರ್ಷ ಶಾಲೆ ನಡೆಸಿದ ಹೆಂಗಸು; ಅವರು ಎದ್ದರೆ ಎಂಜಿನ್ನೂ ಸದ್ದು ಕಡಿಮೆ ಮಾಡುತ್ತಿತ್ತು.

"ಎಲ್ಲರೂ ಕೇಳಿ. ಇವತ್ತು ನಾವೆಲ್ಲ ಹಡಗು ಹತ್ತುತ್ತೀವಿ. ಬೀಗರ ಮನೆಯವರು ಇಳಿದು ಬಸ್ಸು ಹತ್ತುತ್ತಾರೆ. ಮತ್ತೆ ಒಂದು ವಾರ ಈ ಮನುಷ್ಯ ಒಂಟಿ! ನಾವು ನೋಡ್ಕೊಂಡು ಸುಮ್ಮನಿರೋದಾ?"

"ಇಲ್ಲ!" ಎಂದಿತು ಬಸ್ಸು.

"ಅದಕ್ಕೇ ಡ್ರೈವರ್ ಹತ್ರ ಮಾತಾಡಿದ್ದೀನಿ. ಬೀಗರು ಬಸ್ಸಲ್ಲೇ ಉಳೀತಾರೆ, ಹೆಂಡತಿ ಜೊತೆ ಬೆಟ್ಟದ ದಾರೀಲಿ ವಾಪಸ್ ಹೋಗ್ತಾರೆ."

ಚಪ್ಪಾಳೆಯ ಸದ್ದಿಗೆ ಕಿವಿ ಮಂದದ ಅಜ್ಜನಿಗೂ ಎಚ್ಚರವಾಯಿತು. ಬೀಗರ ಗಂಟಲಿನಲ್ಲಿ ಬಿಸ್ಕತ್ತು ಸಿಕ್ಕಿಕೊಂಡಿತು. "ಮೇಡಂ, ಬೇಡ... ನನ್ನೊಬ್ಬನಿಗೋಸ್ಕರ ನಿಯಮ ಮುರಿಯೋದು..."

"ನೋಡಿ, ನೋಡಿ! ಇಂಥ ಹೊತ್ತಲ್ಲೂ ನಿಯಮದ ಬಗ್ಗೆ ಯೋಚನೆ!" ಎಂದು ಹೆಡ್‌ಮೇಡಂ ಕಣ್ಣೊರೆಸಿಕೊಂಡರು.

ಡ್ರೈವರ್ ಬಸ್ಸು ನಿಲ್ಲಿಸಿ ರೇಡಿಯೋ ಎತ್ತಿಕೊಂಡ. ಆ ಕಡಲಂಚಿನಲ್ಲಿ ಫೋನು ನಡೆಯದು. ಬಸ್ಸಿಗೂ ಹಡಗಿಗೂ ನಡುವೆ ಅದೊಂದೇ ಮಾತಿನ ದಾರಿ. ಹಡಗಿನ ಅಧಿಕಾರಿ, "ಬಸ್ಸಲ್ಲಿ ಒಂದು ಸೀಟು ಬೇಕಂದ್ರೆ ನಮ್ಮ ಕಡೆಯವರೊಬ್ಬರು ಹಡಗಲ್ಲೇ ಉಳೀಬೇಕು. ಕೇಳಿ ನೋಡ್ತೀನಿ" ಎಂದ.

ಬೀಗರಿಗೆ ಹೋದ ಜೀವ ಬಂದಂತಾಯಿತು. ವಾರವೆಲ್ಲ ಹಡಗಿನಲ್ಲಿ ಓಲಾಡಿದವರು ಯಾರು ತಾನೆ ಇನ್ನೊಂದು ವಾರ ಅಲ್ಲೇ ಇರುತ್ತೇವೆ ಅಂದಾರು? ಎರಡೇ ನಿಮಿಷ. ರೇಡಿಯೋ ಕರಗುಟ್ಟಿತು.

"ಒಬ್ಬರು ಸಿಕ್ಕಿದ್ರು! ನಾನು ಬಾಯಿ ತೆಗೆಯೋದರೊಳಗೆ ಕೈ ಎತ್ತಿದ್ರು. ಹೆಸರು ಹೇಳ್ಲಾ?"

"ಹೆಸರೆಲ್ಲ ಬೇಡ!" ಎಂದು ಹೆಡ್‌ಮೇಡಂ ರೇಡಿಯೋ ಕಿತ್ತುಕೊಂಡರು. "ಯಾರ ಹೆಸರೂ ಆ ಕಡೆ ಈ ಕಡೆ ಹೋಗೋದು ಬೇಡ. ಸುದ್ದಿ ಬೀಗರ ಹೆಂಡತಿ ಕಿವಿಗೆ ಬಿದ್ರೆ ಮಜಾನೇ ಇರಲ್ಲ. ಆಕೆ ಬಸ್ಸು ಹತ್ತಿ ಗಂಡನ್ನ ನೋಡಿ ಬೆಚ್ಚಿ ಬೀಳಬೇಕು."

ಮೂವತ್ತು ವರ್ಷ ಕನಸು ಕಂಡ ಹಡಗು ಕಣ್ಣೆದುರಿಗೇ ಕೈತಪ್ಪುತ್ತಿತ್ತು. 'ನನಗೆ ಹೆಂಡತಿಗಿಂತ ಹಡಗು ಬೇಕು' ಎಂದು ನಲವತ್ತು ಜನರ ಮುಂದೆ ಯಾವ ಬಾಯಲ್ಲಿ ಹೇಳುವುದು? ಊರಿನ ಎಂಥ ಬೀಗವನ್ನಾದರೂ ಒಂದು ತಂತಿಯಲ್ಲಿ ತೆರೆಯುತ್ತಿದ್ದ ಬೀಗರಿಗೆ ಸ್ವಂತ ಬಾಯನ್ನು ತೆರೆಯಲಾಗಲಿಲ್ಲ.

ಅವರು ಸೊಂಟ ಹಿಡಿದುಕೊಂಡರು. "ಅಮ್ಮಾ! ನರ್ಸಮ್ಮಾ, ಬಸ್ಸಿನ ಕುಲುಕಾಟಕ್ಕೆ ಸೊಂಟ ಹೋಯ್ತು. ಇನ್ನೊಂದು ವಾರ ಈ ರಸ್ತೆ ನನ್ನ ಕೈಲಾಗಲ್ಲ."

ನರ್ಸಮ್ಮ ಬೆನ್ನಿಗೆ ಎರಡು ಗುದ್ದು ಕೊಟ್ಟು ಪರೀಕ್ಷಿಸಿದರು. "ಸೊಂಟ ನೋವಾ? ಹಾಗಾದ್ರೆ ಹಡಗಿನ ಮಾತೇ ಎತ್ತಬೇಡಿ. ಕಟ್ಟೆಯಿಂದ ಹಡಗಿಗೆ ರಬ್ಬರ್ ದೋಣೀಲಿ ಹೋಗಬೇಕು. ಅಲೆ ಮೇಲೆ ಅದು ಕುಣಿಯೋದಕ್ಕೆ ಇದ್ದಬದ್ದ ಎಲುಬೂ ಕಳಚುತ್ತೆ. ಬಸ್ಸೇ ನಿಮಗೆ ಕ್ಷೇಮ." ಮೇಲೆ ಒಂದು ಮುಲಾಮನ್ನೂ ತಿಕ್ಕಿದರು. ಇಲ್ಲದ ನೋವಿಗೆ ಹಚ್ಚಿದ ಮುಲಾಮು ಮೆಣಸಿನಕಾಯಿಯಂತೆ ಉರಿಯಿತು.

ಬಸ್ಸು ಕಟ್ಟೆ ಮುಟ್ಟಿತು. ಎಲ್ಲರೂ ಸಾಮಾನು ಇಳಿಸುವಾಗ ಬೀಗರು ಡ್ರೈವರ್‌ನನ್ನು ಚಕ್ರದ ಮರೆಗೆ ಕರೆದರು. "ಅಣ್ಣಾ, ನಿನ್ನ ಹತ್ರ ನಿಜ ಹೇಳ್ತೀನಿ. ನನಗೆ ಅಷ್ಟೊಂದು ದುಃಖ ಏನಿಲ್ಲ."

ಡ್ರೈವರ್ ಅವರ ಭುಜ ಹಿಡಿದ. "ಗೊತ್ತು ಯಜಮಾನ್ರೇ. ಗಂಡಸರು ಹಾಗೇ ಹೇಳೋದು. ನಾನೂ ಮನೇಲಿ ಹಾಗೇ ಹೇಳಿ ಹೊರಡ್ತೀನಿ. ವರ್ಷದಲ್ಲಿ ಎಂಟು ತಿಂಗಳು ಇದೇ ದಾರಿ. ಘಟ್ಟ ಹತ್ತುವಾಗ ಪಕ್ಕದ ಸೀಟು ನೋಡ್ತೀನಿ, ಅವಳಿರಲ್ಲ." ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಬೀಗರು ತಮ್ಮ ಕರವಸ್ತ್ರವನ್ನು ಅವನಿಗೆ ಕೊಟ್ಟು ಹಿಂದಿರುಗಬೇಕಾಯಿತು.

ಇನ್ನುಳಿದದ್ದು ಒಂದೇ ದಾರಿ. ದೋಣಿಗೆ ಹತ್ತುವವರೆಲ್ಲ ಕಿತ್ತಳೆ ಬಣ್ಣದ ತೇಲುವ ಅಂಗಿ, ತಲೆಗೆ ಮುಸುಕು ಹಾಕಿಕೊಂಡು ಒಂದೇ ಮುಸುಡಿಯವರಾಗಿ ಕಾಣುತ್ತಿದ್ದರು. ಬೀಗರೂ ಒಂದನ್ನು ತೊಟ್ಟು, ಮುಸುಕನ್ನು ಮೂಗಿನ ತನಕ ಎಳೆದುಕೊಂಡು ಸಾಲಿನಲ್ಲಿ ನುಸುಳಿದರು. ಒಂದು ಕಾಲು ದೋಣಿಯಲ್ಲಿ ಇಟ್ಟದ್ದೂ ಆಯಿತು. ಹಡಗು ಈಗ ಮನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆಗ ತಲೆ ಎಣಿಸುತ್ತಿದ್ದ ನಾವಿಕ, "ಒಂದು ಹೆಚ್ಚಿದೆಯಲ್ಲ!" ಎಂದ.

ಹೆಚ್ಚಿದ್ದು ಯಾವುದೆಂದು ಹುಡುಕಲು ಹೆಡ್‌ಮೇಡಂಗೆ ಮುಖ ಬೇಕಿರಲಿಲ್ಲ. ಮೂಗೊಂದೇ ಸಾಕಾಯಿತು. ನರ್ಸಮ್ಮನ ಮುಲಾಮು ಕಡಲಗಾಳಿಯಲ್ಲೂ ಘಮ್ಮೆನ್ನುತ್ತಿತ್ತು. ಮುಸುಕು ಎತ್ತಿದರು.

"ಬೀಗರೇ!" ಅವರ ಕಣ್ಣು ತುಂಬಿತು. "ಆಕೆ ಇಳಿದು ಬರೋತನಕವೂ ತಡೆಯೋಕಾಗಲಿಲ್ವಾ? ನಡುನೀರಿಗೇ ಹೋಗಿ ಕರ್ಕೊಂಡು ಬರೋಣ ಅಂತ ಹೊರಟ್ರಾ?"

ದೋಣಿಯಲ್ಲಿದ್ದವರೆಲ್ಲ ಅತ್ತರು. ನಾವಿಕನೂ ಮೂಗು ಒರೆಸಿಕೊಂಡ. ಇಬ್ಬರು ಬಲವಾದ ಆಳುಗಳು ಬೀಗರನ್ನು ಮದುಮಗನಂತೆ ನಡೆಸಿಕೊಂಡು ಹೋಗಿ ಬಸ್ಸಿನಲ್ಲಿ ಕೂರಿಸಿ, ಕಿಟಕಿಯ ಪರದೆ ಎಳೆದರು. "ಆಕೆ ಬರೋ ತನಕ ಹೊರಗೆ ತಲೆ ಹಾಕಬೇಡಿ" ಎಂದು ಅಪ್ಪಣೆಯಾಯಿತು.

ಖಾಲಿ ಬಸ್ಸಿನಲ್ಲಿ ಬೀಗರು ಒಬ್ಬರೇ ಉಳಿದರು. ಮೊದಲು ಹೆಡ್‌ಮೇಡಂಗೆ ಮನಸ್ಸಿನಲ್ಲೇ ಶಾಪ ಹಾಕಿದರು, ಆಮೇಲೆ ಗುಮಾಸ್ತನಿಗೆ, ಕೊನೆಗೆ ತಮ್ಮ ನಾಲಿಗೆಗೆ. ಶಾಪಗಳು ಮುಗಿದ ಮೇಲೆ ಮಾಡಲು ಬೇರೆ ಕೆಲಸವಿರಲಿಲ್ಲ, ಹೆಂಡತಿಯ ನೆನಪಾಯಿತು. ಏಳು ದಿನ ನೀರಿನ ಮೇಲೆ ಒಬ್ಬಳೇ ಏನು ಮಾಡಿದಳೋ. ಈಜು ಬಾರದವಳು. ಬೆಟ್ಟದಲ್ಲಿ ನೀಲಿ ಹೂಗಳ ಬಯಲೊಂದು ಸಿಕ್ಕಿತ್ತು. ಅಲ್ಲಿ ಬಸ್ಸು ನಿಂತಾಗ ಎಲ್ಲರೂ ಫೋಟೋ ತೆಗೆದಿದ್ದರು, ಬೀಗರಿಗೆ ಮಾತ್ರ ಅದರ ಹೆಸರು ಹೇಳುವವರು ಪಕ್ಕದಲ್ಲಿ ಇರಲಿಲ್ಲ. 'ಈ ಹೂ ಅವಳು ನೋಡಿದ್ರೆ' ಎಂದದ್ದು ತಿಂಡಿಗಾಗಿ ಆಡಿದ ಮಾತೇ ಇರಬಹುದು. ಆದರೆ ಅಂದು ಬಂದ ತಿಂಡಿ ರುಚಿಸದಿದ್ದುದು ಸುಳ್ಳಲ್ಲ.

'ಹೋಗಲಿ ಹಡಗು' ಎಂದುಕೊಂಡರು. ಹಾಗೆಂದುಕೊಂಡ ಮೇಲೆ ಮನಸ್ಸು ಎಷ್ಟು ಹಗುರಾಯಿತೆಂದರೆ ಅವರಿಗೇ ಆಶ್ಚರ್ಯವಾಯಿತು. ಕಿಟಕಿ ಸೀಟನ್ನು ಒರೆಸಿ ಅವಳಿಗೆಂದು ಬಿಟ್ಟರು, ತಾವು ಪಕ್ಕಕ್ಕೆ ಸರಿದು ಕೂತರು. ತಲೆ ಬಾಚಿಕೊಂಡರು. ಮೂವತ್ತು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಹೆಜ್ಜೆಯ ಸದ್ದಾಯಿತು. ಹಡಗಿನ ತಂಡದವರು ಒಬ್ಬೊಬ್ಬರಾಗಿ ಹತ್ತಿದರು. ಹತ್ತು, ಇಪ್ಪತ್ತು, ಮೂವತ್ತು. ಕೊನೆಗೆ ನಕ್ಷೆ ಹಿಡಿದ ನಿವೃತ್ತ ಪೋಸ್ಟ್‌ಮಾಸ್ಟರು ಹತ್ತಿದರು. ಬಾಗಿಲು ಮುಚ್ಚಿತು. ಹೊರಗೆ ಹಡಗು ಕೂಗು ಹಾಕಿತು.

"ಸ್ವಾಮೀ," ಬೀಗರು ಎದ್ದು ನಿಂತರು, "ಇನ್ನೊಬ್ಬರು ಬರೋದಿದೆ. ಸಸಿ ಮಾರೋರು, ಕುಳ್ಳಗೆ, ಕನ್ನಡಕ..."

"ಆ ಗಿಡದಮ್ಮನಾ? ಅವರು ಇಳೀಲಿಲ್ಲ. ಯಾರೋ ಒಬ್ಬರು ಹಡಗಲ್ಲೇ ಉಳೀಬೇಕಂತೆ ಅಂತ ಅಧಿಕಾರಿ ಬಂದು ಕೇಳಿದ್ರು ನೋಡಿ, ಮೊದಲು ಕೈ ಎತ್ತಿದ್ದೇ ಅವರು."

ಬೀಗರು ಒರೆಸಿಟ್ಟ ಕಿಟಕಿ ಸೀಟಿನ ಕಡೆ ನೋಡಿದರು. "ಯಾಕೆ?"

"ಅವರ ಯಜಮಾನರು ಇವತ್ತು ಹಡಗು ಹತ್ತುತ್ತಾರಂತೆ. ಮೂವತ್ತು ವರ್ಷ ಗೋಡೆ ಮೇಲೆ ಹಡಗು ನೋಡ್ತಾ ಕೂತ ಮನುಷ್ಯ, ನಿಜವಾದ ಹಡಗಲ್ಲಿ ಕಾಲಿಟ್ಟಾಗ ಅವರ ಮುಖ ನೋಡಬೇಕು, ಬೆಟ್ಟ ಹೂವು ಎಲ್ಲ ಇನ್ನೊಂದು ಜನ್ಮಕ್ಕಿರಲಿ ಅಂದ್ರು. ಬೆಳಿಗ್ಗೆಯಿಂದ ಹಡಗಿನ ಕಂಬಿ ಹಿಡ್ಕೊಂಡು ದಾರಿ ಕಾಯ್ತಿದ್ರು, ಪಾಪ." ಪೋಸ್ಟ್‌ಮಾಸ್ಟರು ಕನ್ನಡಕ ಸರಿಪಡಿಸಿಕೊಂಡು ಬೀಗರನ್ನು ದಿಟ್ಟಿಸಿದರು. "ಅಯ್ಯೋ. ನೀವೇನಾ ಅವರು? ಗೊರಕೆ ಹೊಡೆಯೋರು?"

ಆಗ ರೇಡಿಯೋ ಕರಗುಟ್ಟಿತು. ಡ್ರೈವರ್ ಮಾತಿಲ್ಲದೆ ಅದನ್ನು ಬೀಗರ ಕೈಗೆ ಕೊಟ್ಟ.

"ರೀ? ಎಲ್ಲಿದ್ದೀರಿ? ನಿಮ್ಮ ಬಸ್ಸಿನೋರೆಲ್ಲ ಇಲ್ಲಿ ನನ್ನ ಸುತ್ತ ನಿಂತು ಅಳ್ತಿದ್ದಾರೆ. ನೀವೆಲ್ಲಿ?"

"ಬಸ್ಸಲ್ಲಿ."

"ಬಸ್ಸಲ್ಲಾ? ಯಾಕ್ರೀ?"

"ನಿನಗೋಸ್ಕರ ಕಣೇ," ಎಂದರು ಬೀಗರು. ಆ ಮಾತು ವಾರದಲ್ಲೇ ಮೊದಲ ಬಾರಿಗೆ ಪೂರಾ ನಿಜವಾಗಿತ್ತು.

ಬಸ್ಸು ಆಗಲೇ ಘಟ್ಟ ಹತ್ತುತ್ತಿತ್ತು. ಕೇಳಿಸಿಕೊಂಡ ಹೊಸ ತಂಡದವರು ಒಟ್ಟಿಗೆ "ಪಾಪ!" ಎಂದರು. ಪೋಸ್ಟ್‌ಮಾಸ್ಟರು ನಕ್ಷೆ ಬಿಚ್ಚಿ ಎದ್ದು ನಿಂತರು. "ಚಿಂತೆ ಬೇಡ ಯಜಮಾನ್ರೇ! ನಾಡಿದ್ದು ನಮ್ಮ ದಾರಿ ಒಂದು ಸಲ ಸಮುದ್ರ ಮುಟ್ಟುತ್ತೆ. ಹಡಗೂ ಅಲ್ಲಿ ನೀರು ತುಂಬಿಸೋಕೆ ನಿಲ್ಲುತ್ತೆ. ನಿಮ್ಮನ್ನ ಹಡಗು ಹತ್ತಿಸೋ ಜವಾಬ್ದಾರಿ ನಮ್ಮದು!"

ರೇಡಿಯೋದೊಳಗಿಂದ ಹೆಡ್‌ಮೇಡಂ ದನಿ ಗುಡುಗಿತು. "ಬೀಗರೇ, ಧೈರ್ಯವಾಗಿರಿ! ನಾಡಿದ್ದು ನಿಮ್ಮ ಮನೆಯವರನ್ನ ನಾನೇ ಬಸ್ಸು ಹತ್ತಿಸ್ತೀನಿ!"

"ಬೇಡ! ಇಬ್ಬರೂ ಸುಮ್ಮನಿರಿ!" ಬೀಗರು ರೇಡಿಯೋವನ್ನು ಬಾಯಿಗೆ ಒತ್ತಿಕೊಂಡರು. "ಲೇ, ಕೇಳಿಸ್ತಾ? ಯಾರು ಏನೇ ಹೇಳಲಿ, ನೀನು ಅಲ್ಲೇ ಇರು. ನಾನೇ ಬರ್ತೀನಿ!"

ಸರಿಯಾಗಿ ಅದೇ ಗಳಿಗೆಯಲ್ಲಿ, ಅವರ ಮಾತಿನ ಮೇಲೆಯೇ ಬಿದ್ದು ಹೆಂಡತಿಯ ದನಿ ಅರೆಬರೆಯಾಗಿ ಬಂತು. "ರೀ, ನೀವು ಅಲ್ಲೇ ಇರಿ, ನಾನೇ ಬರ್ತೀ..."

ಕರ್ರ್ ಎಂದಿತು. ಬಸ್ಸು ತಿರುವಿನಲ್ಲಿ ತಿರುಗಿ ಬೆಟ್ಟದ ಮರೆಗೆ ಹೋಗಿತ್ತು. ಬೀಗರು ರೇಡಿಯೋವನ್ನು ಅಲುಗಿಸಿದರು, ತಟ್ಟಿದರು, ಕೊನೆಗೆ ಬೀಗವನ್ನು ನೋಡುವಂತೆ ಕಿವಿಗೆ ಹಿಡಿದು ನೋಡಿದರು.

"ನನ್ನ ಮಾತು ಅವಳಿಗೆ ಕೇಳಿಸಿರುತ್ತಲ್ವಾ ಅಣ್ಣಾ?"

ಡ್ರೈವರ್ ಗೇರ್ ಬದಲಾಯಿಸಿದ. "ಇಬ್ಬರೂ ಒಟ್ಟಿಗೆ ಮಾತಾಡಿದ್ರೆ ಇದರಲ್ಲಿ ಯಾರಿಗೂ ಯಾರದೂ ಸರಿಯಾಗಿ ಕೇಳಿಸಲ್ಲ ಯಜಮಾನ್ರೇ. ಇನ್ನು ನಾಡಿದ್ದಿನ ತನಕ ಸಿಗ್ನಲ್ ಇಲ್ಲ."