ಮಾವ ಕೊಟ್ಟ ನ್ಯೂ ಆರ್ಲಿಯನ್ಸ್ ಡಾಲರ್

ಹೆಂಡತಿಯ ತವರಿನ ಪರವಾಗಿ ನಲವತ್ತೊಂದು ವರ್ಷದಲ್ಲಿ ನಾನು ಬಾಯಿ ಬಿಟ್ಟಿದ್ದು ಒಂದೇ ಸಲ. ಅವತ್ತೇ ಮಾನ ಹೋಯಿತು.

ದೊಡ್ಡ ಸರೋವರದ ದಂಡೆಯ ನಮ್ಮ ಡುಲೂತ್ ಊರಿನ ನಾಣ್ಯ ಸಂಘ ಮಂಗಳವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತದೆ. ಸದಸ್ಯರು ಒಂಬತ್ತು, ಭೂತಗನ್ನಡಿ ಹನ್ನೊಂದು. ಅಲ್ಲಿ ಟೊಯ್ವೊ ಎಂಬ ಪ್ರಾಣಿಯ ಬಳಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಹಳೆಯ ಬೆಳ್ಳಿ ಡಾಲರ್ ಇದೆ. ಅದರ ಮೇಲೆ ಅಚ್ಚೊತ್ತಿದ ಸ್ವಾತಂತ್ರ್ಯದೇವಿಯ ಕೂದಲನ್ನು ಎಳೆ ಎಳೆಯಾಗಿ ಎಣಿಸಬಹುದು. ನನ್ನದು ಹೆಂಡತಿ ಒಡೀಲಳ ತವರೂರಾದ ನ್ಯೂ ಆರ್ಲಿಯನ್ಸಿನದು, ಮದುವೆಯಲ್ಲಿ ಮಾವ ಕೊಟ್ಟದ್ದು. ಅದರಲ್ಲಿ ಕಿವಿಯ ಮೇಲಿನ ಕೂದಲು ಚಪ್ಪಟೆ. ಆದರೂ ಅದಕ್ಕೆ 'ಬಳಸದ ನಾಣ್ಯ' ಎಂಬ ಪರಮೋಚ್ಚ ದರ್ಜೆ ಸಿಗಲಿ ಎಂದು ನಿವೃತ್ತನಾದ ಎಂಟು ವರ್ಷದಿಂದ ಹಂಬಲಿಸುತ್ತಿದ್ದೆ.

ಎಲ್ಲ ನಾಣ್ಯಕ್ಕೂ ಒಂದೇ ಅಳತೆಗೋಲು ಎಂದು ಟೊಯ್ವೊನ ವಾದ. ಟಂಕಸಾಲೆ ಎಂದರೆ ನಾಣ್ಯದ ತವರುಮನೆ, ನ್ಯೂ ಆರ್ಲಿಯನ್ಸಿನಲ್ಲಿ ಅಚ್ಚು ಮೆತ್ತಗೆ ಒತ್ತುತ್ತಿದ್ದರು, ಹುಟ್ಟು ಚಪ್ಪಟೆಯನ್ನು ಸವಕಲು ಎನ್ನುವುದು ಅನ್ಯಾಯ ಎಂದು ನನ್ನ ವಾದ. ಈ ಭಾಷಣವನ್ನು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ್ದೇ ತಪ್ಪಾಯಿತು.

"ಅಲ್ರೀ, ನಾಣ್ಯಕ್ಕಾದ್ರೆ ತವರು ನೋಡಿ ದರ್ಜೆ ಕೊಡ್ಬೇಕು. ನನ್ನ ಚಿಕೋರಿ ಕಾಫಿಗೆ ಮಾತ್ರ ನಿಮ್ಮಮ್ಮನ ಅಳತೆಗೋಲಾ?" ಎಂದಳು ಒಡೀಲ್.

"ಕಾಫಿ ಬೇರೆ, ನಾಣ್ಯ ಬೇರೆ."

"ಹೌದು, ನಾಣ್ಯ ತಿರುಗಿ ಮಾತಾಡಲ್ಲ." ಲೋಟ ತೊಳೆಯುತ್ತಾ ಮೆಲ್ಲಗೆ, "ಅದನ್ನ ಸಂಘಕ್ಕೆ ತಗೊಂಡು ಹೋಗ್ಬೇಡಿ" ಎಂದಳು. ಹೆಂಗಸರಿಗೆ ಶಾಸ್ತ್ರ ತಿಳಿಯದು ಎಂದುಕೊಂಡು ಹೊರಟೆ.

ಸಂಘದ ಹಿರಿಯ ಲುಂಡೀನ್ ಡಾಲರನ್ನು ದೀಪದಡಿ ಹಿಡಿದು ಹೊರಳಿಸಿದರು. ಅಚ್ಚು ಸರಿಯಾಗಿ ಬೀಳದೆ ಚಪ್ಪಟೆಯಾದ ಜಾಗದಲ್ಲೂ ಹೊಸ ಹೊಳಪು ಉಳಿದಿರುತ್ತದಂತೆ. ಇದರಲ್ಲಿ ಬೂದಿ ಬಣ್ಣ. "ತವರಿನ ತಪ್ಪಲ್ಲ ಆರ್ವಿಡ್. ಯಾರೋ ವರ್ಷಗಟ್ಟಲೆ ಹೆಬ್ಬೆರಳಲ್ಲಿ ಉಜ್ಜಿದ್ದಾರೆ" ಎಂದರು. ಟೊಯ್ವೊ ನನ್ನ ಪಾಲಿನ ಬಿಸ್ಕತ್ತನ್ನೂ ತಿಂದ.

ಮನೆಗೆ ಬಂದವನೇ ಆ ಮಹಾಪಾತಕಿ ಯಾರೆಂದು ಗುಡುಗಿದೆ.

"ನಾನೇ," ಎಂದಳು ಒಡೀಲ್. "ಮೂವತ್ತಮೂರು ವರ್ಷ ನೀವು ಅದಿರು ಹಡಗಿನಲ್ಲಿ ಹೋದ್ರಿ. ಹೊರಟ ದಿನದಿಂದ ಅದು ನನ್ನ ಏಪ್ರನ್ ಜೇಬಲ್ಲೇ ಇರ್ತಿತ್ತು. ಸರೋವರದಲ್ಲಿ ಗಾಳಿ ಎದ್ರೆ ಕೈ ತಾನಾಗೇ ಅಲ್ಲಿಗೆ ಹೋಗೋದು. ಪ್ರತಿ ಜನವರಿಲಿ ಸರೋವರ ಹೆಪ್ಪುಗಟ್ಟಿ ನೀವು ಬರೋ ಹೊತ್ತಿಗೆ ಸೋಪು ಹಾಕಿ ತೊಳೆದು ಡಬ್ಬಿಗೆ ಹಾಕ್ತಿದ್ದೆ."

(ಸೋಪು! ನಾಣ್ಯ ಸಂಗ್ರಾಹಕರು ಈ ವಾಕ್ಯವನ್ನು ದಯವಿಟ್ಟು ಓದಬಾರದು.)

"ನೀವು ಅಲ್ಲಿ ಏನು ಸವೆಸಿದ್ರಿ?" ಎಂದು ಕೇಳಿದಳು.

"ಬೂಟು," ಎಂದೆ. ನನಗೂ ಪ್ರತಿ ಬಂದರಿನಲ್ಲಿ ಅವಳದೇ ನೆನಪಾಗುತ್ತಿತ್ತು. ಆದರೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ನಾಚಿಕೆಯಾಯಿತು. "ಈಗಲೂ ಉಜ್ತೀಯಾ?"

"ಯಾಕೆ? ಎಂಟು ವರ್ಷದಿಂದ ಇಲ್ಲೇ ಕೂತಿದ್ದೀರಲ್ಲ."

ಅಂದಿನಿಂದ ನನಗೆ ದರ್ಜೆಯ ಹಂಬಲ ಬಿಟ್ಟು ಬೇರೆಯೇ ಹಂಬಲ ಹಿಡಿದಿದೆ. ಆ ಡಾಲರು ಇನ್ನೊಂದಿಷ್ಟು ಸವೆಯಬೇಕು. ಕಳೆದ ಮಂಗಳವಾರ ಅದನ್ನು ಬೇಕೆಂದೇ ಅವಳ ಕಾಫಿ ಲೋಟದ ಪಕ್ಕದಲ್ಲಿಟ್ಟು ಹೋದೆ. ಸಂಘದಲ್ಲಿ ಟೊಯ್ವೊನ ಮಾತು ಪೂರ್ತಿ ಕೇಳಿದೆ. ಆಮೇಲೆ ಬಂದರಿಗೆ ಹೋಗಿ, ಗಾಳಿಯಲ್ಲಿ ಕಿವಿ ಮರಗಟ್ಟುವವರೆಗೆ ಅದಿರು ಹಡಗುಗಳನ್ನು ನೋಡುತ್ತಾ ನಿಂತೆ. ಮನೆಯಲ್ಲಿ ಒಬ್ಬಳ ಹೆಬ್ಬೆರಳು ಚಡಪಡಿಸುತ್ತಿರಬಹುದು ಎಂದು ನೆನೆದರೆ ಚಳಿಯೂ ಹಿತವಾಗಿತ್ತು. ಹೊರಟು ಆರು ತಾಸಾದ ಮೇಲೆ ಮನೆಗೆ ಬಂದೆ.

ಡಾಲರು ಇಟ್ಟಲ್ಲೇ ಇತ್ತು. ಒಡೀಲ್ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು: "ಇಷ್ಟು ಬೇಗ ಬಂದ್ಬಿಟ್ರಾ?"