ಹತ್ತರಿಂದ ನಾಲ್ಕರವರೆಗೆ ಬೀಸುವ ಕಡಲ ಗಾಳಿ

ಕಡಲ ಗಾಳಿಯ ವಿಷಯದಲ್ಲಿ ನಾನು ಪರಿಣತ. ಕಡಲನ್ನು ನೋಡಿಲ್ಲ, ಅಷ್ಟೇ! ವೈಟ್‌ಫೀಲ್ಡಿನ ಆರನೇ ಮಹಡಿಯಲ್ಲಿ, ಕಿಟಕಿಯೇ ತೆರೆಯದ ಎ.ಸಿ. ಕೋಣೆಯಲ್ಲಿ ಕೂತು, ದೂರದ ದ್ವೀಪಗಳ ಸುತ್ತ ಎಷ್ಟು ಗಾಳಿ ಬೀಸುತ್ತದೆ, ಅಲ್ಲಿನ ಸಮುದ್ರದಲ್ಲಿ ಗಾಳಿಯಂತ್ರ ನೆಟ್ಟರೆ ಎಷ್ಟು ಕರೆಂಟ್ ಸಿಗುತ್ತದೆ ಎಂದು ಹೇಳುವುದು ನನ್ನ ಉದ್ಯೋಗ.

ಈ ಸಲ ಒಂದು ಪುಟ್ಟ ದ್ವೀಪಸಮೂಹದ ಕೆಲಸ ಬಂತು. "ವರದಿ ಚೆನ್ನಾಗಿ ಬಂದ್ರೆ ಮುಂದಿನ ಪರೀಕ್ಷೆಗೆ ನೀವೇ ದ್ವೀಪಕ್ಕೆ ಹೋಗಿ. ಮನೆಯವ್ರನ್ನೂ ಕರ್ಕೊಂಡು ಹೋಗಿ" ಎಂದರು ನಮ್ಮ ಮ್ಯಾನೇಜರ್ ಮೇಡಂ. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಮಾಗೆ ಕಡಲು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹನ್ನೊಂದು ವರ್ಷಗಳಲ್ಲಿ ತೋರಿಸಿದ್ದು ಮನೆ ಹತ್ತಿರದ ದೊಡ್ಡನೆಕ್ಕುಂದಿ ಕೆರೆಯನ್ನು. ಸುದ್ದಿ ಕೇಳಿದ್ದೇ ತಡ, ಅವಳು ಅಗಲ ಅಂಚಿನ ಹುಲ್ಲಿನ ಟೋಪಿಯೊಂದನ್ನು ತಂದೇಬಿಟ್ಟಳು!

"ರೀ, ಈ ಸಲಾನೂ ಕೈ ಕೊಟ್ರೆ ನಾನು ಸುಮ್ನಿರಲ್ಲ."

"ನೀನು ಸೂಟ್‌ಕೇಸ್ ತುಂಬು" ಎಂದೆ.

ಗಾಳಿ ಅಳೆಯುವ ಯಂತ್ರ ದೊಡ್ಡದೇನಲ್ಲ. ಮೂರು ಹೊಳೆಯುವ ಸ್ಟೀಲ್ ಬಟ್ಟಲುಗಳು ಗಾಳಿಗೆ ಗಿರಗಿರನೆ ತಿರುಗುತ್ತವೆ. ವೇಗವೆಷ್ಟು ಎಂಬುದು ನೇರ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಒಂದನೇ ನಂಬರಿನದು ದ್ವೀಪಕ್ಕೆ ಹೋಗಬೇಕು. ಎರಡನೆಯದು ಹೋಲಿಕೆಗಾಗಿ ದೊಡ್ಡನೆಕ್ಕುಂದಿಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಇರಬೇಕು. ಎರಡನ್ನೂ ಮನೆಗೆ ತಂದೆ. ಡಬ್ಬದಿಂದ ತೆಗೆದು ಸುಮಾಳ ಮುಂದೆ ಪ್ರದರ್ಶಿಸಿದೆ. ಮತ್ತೆ ಡಬ್ಬಕ್ಕೆ ಹಾಕಿದೆ. ಯಾವುದನ್ನು ಯಾವ ಡಬ್ಬಕ್ಕೆ ಹಾಕಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇರಬೇಕಿತ್ತು!

ದ್ವೀಪದ ಡಬ್ಬವನ್ನು ಕಳಿಸಿ, ಉಳಿದದ್ದನ್ನು ತಾರಸಿಯ ಕಂಬಿಗೆ ಕಟ್ಟುವಾಗ ನಮ್ಮ ಓನರ್ ಮುನಿಯಮ್ಮ ಅಲ್ಲೇ ಸಂಡಿಗೆ ಇಡುತ್ತಿದ್ದರು.

"ಏನಪ್ಪ ಅದು, ಗಿರಗಿಟ್ಲೆ?"

"ಗಾಳಿ ಅಳೆಯೋದು ಮುನಿಯಮ್ಮನವ್ರೇ. ದಯವಿಟ್ಟು ಮುಟ್ಬೇಡಿ."

"ಅಯ್ಯೋ, ನಾನ್ಯಾಕಪ್ಪ ಮುಟ್ಲಿ?"

ಕೊಟ್ಟ ಮಾತನ್ನು ಆಕೆ ಕೊನೆಯವರೆಗೂ ಉಳಿಸಿಕೊಂಡರು. ಮುಟ್ಟಲೇ ಇಲ್ಲ.

ಮೂರು ವಾರ ಕಳೆಯಿತು. ಬೆಳಿಗ್ಗೆ ಬೇಗ ಹೋಗಿ ಕತ್ತಲಾದ ಮೇಲೆ ಬರುವ ನಾನು ತಾರಸಿ ಹತ್ತಲಿಲ್ಲ. ಭಾನುವಾರ ಮಂಚ ಬಿಟ್ಟು ಇಳಿಯುವ ಪದ್ಧತಿ ನನಗಿಲ್ಲ. ಆದರೆ ದ್ವೀಪದಿಂದ ಬಂದ ಅಂಕಿಗಳನ್ನು ನೋಡಿ ರೋಮಾಂಚನಗೊಂಡೆ. ಗಾಳಿ ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ನಾಲ್ಕಕ್ಕೆ ಬಂದ್! ಆರು ಗಂಟೆಯೂ ಒಂದೇ ವೇಗ. ತಾರಸಿಯದೋ, ಹಗಲೂ ರಾತ್ರಿ ಹುಚ್ಚು ಹಿಡಿದಂತೆ ತಿರುಗುತ್ತಿತ್ತು. "ಎರಡನೇ ಯಂತ್ರ ಕೆಟ್ಟಿದೆ" ಎಂದು ಷರಾ ಬರೆದು, "ಈ ದ್ವೀಪದ ಗಾಳಿಗೆ ಅಪೂರ್ವವಾದ ಸಮಯಪ್ರಜ್ಞೆ ಇದೆ" ಎಂದು ವರದಿ ಮುಗಿಸಿದೆ.

ಮೀಟಿಂಗ್ ದಿನ ದೊಡ್ಡ ಪರದೆಯ ಮೇಲೆ ದ್ವೀಪದ ಗಾಳಿಯನ್ನು ನೇರವಾಗಿ ತೋರಿಸಿದೆ. ನನ್ನ ಮೊಬೈಲನ್ನೂ ಕೋಣೆಯ ಸ್ಪೀಕರಿಗೆ ಜೋಡಿಸಿಕೊಂಡಿದ್ದೆ. ಹನ್ನೊಂದೂವರೆಗೆ ಪರದೆಯ ಮೇಲೆ ಗಾಳಿ ಸರ್ರನೆ ಇಳಿದು ಸೊನ್ನೆಯಾಯಿತು.

"ಏನಾಯ್ತು?" ಎಂದರು ಮೇಡಂ.

"ಇದು ಸಾಗರದ ಕ್ಷಣಿಕ ವಿಶ್ರಾಂತಿ, ಮೇಡಂ."

ಅಷ್ಟರಲ್ಲಿ ಫೋನ್ ಬಂತು. ಕಟ್ ಮಾಡಲು ಹೋಗಿ ಎತ್ತಿಬಿಟ್ಟೆ! ಇಡೀ ಕೋಣೆಯಲ್ಲಿ ಸುಮಾಳ ದನಿ ಮೊಳಗಿತು.

"ರೀ, ಕರೆಂಟ್ ಹೋಯ್ತು ಕಣ್ರೀ! ಫ್ಯಾನ್ ನಿಂತೋಯ್ತು! ಕಾಗೆಗಳೆಲ್ಲಾ ಸಂಡಿಗೆ ಮೇಲೆ!"

"ಯಾವ ಫ್ಯಾನ್ ಅಮ್ಮಾ?" ಮೇಡಂ ಮುಂದಕ್ಕೆ ಬಾಗಿದರು.

"ಓ, ಮೇಡಮ್ಮಾ? ನಮಸ್ಕಾರ. ಇವ್ರ ಬಟ್ಟಲು ತಿರುಗ್ತಿದ್ರೆ ಕಾಗೆ ಹತ್ರ ಬರಲ್ಲ. ಇಲ್ಲಿ ಗಾಳಿ ಎಲ್ಲಿದೆ ಹೇಳಿ? ಅದಕ್ಕೆ ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದೀವಿ. ದಿನಾ ಬೆಳಿಗ್ಗೆ ಹತ್ತಕ್ಕೆ ಹಾಕಿ ನಾಲ್ಕಕ್ಕೆ ಆರ್ಸೋದು. ಆ, ಬಂತು ಬಂತು, ಕರೆಂಟ್ ಬಂತು!"

ಪರದೆಯ ಮೇಲೆ ಕಡಲ ಗಾಳಿಯೂ ಬಂತು!

"ಸ್ವಲ್ಪ ಆರ್ಸಿ ನೋಡೋಣ" ಎಂದರು ಮೇಡಂ.

"ಮುನಿಯಮ್ಮಾ, ಫ್ಯಾನ್ ಆರ್ಸಬೇಕಂತೆ!"

"ಆರ್ಸಿದ್ರೆ ಕಾಗೆ ಬತ್ತವೆ ಕಣವ್ವ!" ಎಂದು ಗೊಣಗುತ್ತಲೇ ಮುನಿಯಮ್ಮ ಸ್ವಿಚ್ ಒತ್ತಿದರು. ದೊಡ್ಡನೆಕ್ಕುಂದಿಯಲ್ಲಿ ನಿಂತು ಅವರು ಸಮುದ್ರದ ಗಾಳಿಯನ್ನು ನಿಲ್ಲಿಸಿದರು! ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಮಾತ್ರ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ನಾನು ಕೆಟ್ಟಿದೆ ಎಂದು ಷರಾ ಬರೆದ ಯಂತ್ರವೇ ದ್ವೀಪದಲ್ಲಿತ್ತು. ಅಂದರೆ ಅಲ್ಲಿ ಹಗಲೂ ರಾತ್ರಿ ಭರ್ಜರಿ ಗಾಳಿ! ಯೋಜನೆ ಗೆದ್ದಿತು. ಮುಂದಿನ ಪರೀಕ್ಷೆಗೆ, ತಾರಸಿಯ ಯಂತ್ರವನ್ನೂ ಬಿಚ್ಚಿಸಿಕೊಂಡು, ಮೇಡಂ ತಾವೇ ದ್ವೀಪಕ್ಕೆ ಹೋದರು. ಒಂದಕ್ಕೂ ಎರಡಕ್ಕೂ ವ್ಯತ್ಯಾಸ ಗೊತ್ತಿರುವವರು ಹೋಗುವುದು ಒಳ್ಳೆಯದಂತೆ.

ಸುಮಾ ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಸುಮ್ಮನೆ ಸೂಟ್‌ಕೇಸ್ ಬಿಚ್ಚಿ, ಸೀರೆಗಳನ್ನು ಬೀರುವಿಗೆ ಹಾಕಿ, ಟೋಪಿಯನ್ನು ನನ್ನ ತಲೆಗಿಟ್ಟಳು. ಆ ಟೋಪಿಯಡಿಯಲ್ಲಿ ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಗಿರಗಿಟ್ಲೆ ಎತ್ಕೊಂಡೋದ್ರಲ್ಲ, ಈಗ ಸಂಡಿಗೆ ಕಾಯೋರ್ಯಾರು?" ಎಂದು ಮುನಿಯಮ್ಮ ಕೇಳಿದ್ದು ನ್ಯಾಯವಾಗಿಯೇ ಇತ್ತು. ಹಾಗಾಗಿ ಭಾನುವಾರ ಹತ್ತರಿಂದ ನಾಲ್ಕರವರೆಗೆ, ಕಡಲತೀರದ ಟೋಪಿ ಧರಿಸಿ, ಕೋಲು ಹಿಡಿದು ತಾರಸಿಯಲ್ಲಿ ನಿಲ್ಲುತ್ತೇನೆ. ಬಟ್ಟಲುಗಳಿಗೆ ಹೆದರುತ್ತಿದ್ದ ಕಾಗೆಗಳು ನನಗೆ ಹೆದರುತ್ತಿಲ್ಲ. ಮೊನ್ನೆ ಮುನಿಯಮ್ಮ ಬೇಸತ್ತು, ಟೇಬಲ್ ಫ್ಯಾನನ್ನು ನನ್ನತ್ತ ತಿರುಗಿಸಿ ಸ್ವಿಚ್ ಹಾಕಿ ನೋಡಿದರು.

ನಾನು ತಿರುಗಲಿಲ್ಲ.