ಸದ್ದಿಲ್ಲದ ಫ್ಯಾನೂ ಸುಮ್ಮನಿರದ ಅಜ್ಜಿಯೂ

ನಮ್ಮ ಮನೆಯ ಕಂಪ್ಯೂಟರ್ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಯಾರೂ ಕೋಣೆಗೆ ಹೋಗಿ ನೋಡಬೇಕಾಗಿರಲಿಲ್ಲ, ಅಡುಗೆಮನೆಯಲ್ಲಿ ನಿಂತರೆ ಸಾಕಿತ್ತು. ಅದರೊಳಗಿನ ಎರಡು ಫ್ಯಾನುಗಳು ಆರ್ಭಟ ಶುರು ಮಾಡಿದವೆಂದರೆ ಅಮ್ಮ ಕುಕ್ಕರಿನ ಸೀಟಿಯನ್ನೂ ಕಿವಿಗೊಟ್ಟು ಕೇಳಬೇಕಾಗುತ್ತಿತ್ತು. ಅಪ್ಪನ ಕಚೇರಿಯಲ್ಲಿ ಹಳೆಯ ಸಾಮಾನು ಹರಾಜು ಹಾಕಿದಾಗ ಬಂದ ಯಂತ್ರ ಅದು. ಯಾಕೆ ಹರಾಜು ಹಾಕಿದರೆಂಬುದು ಮನೆಗೆ ತಂದು ಆನ್ ಮಾಡಿದ ಮೇಲೆ ಗೊತ್ತಾಯಿತು.

ಅಂಥ ಫ್ಯಾನುಗಳ ಕೈಯಲ್ಲಿತ್ತು ನನ್ನ ಭವಿಷ್ಯ. (ಫ್ಯಾನಿಗೆ ಕೈಯಿಲ್ಲ. ರೆಕ್ಕೆಯಲ್ಲಿತ್ತು ಎನ್ನೋಣ.)

ನಾನು ಶಾಲೆ ಬಿಟ್ಟವಳು. ಓದು ಹತ್ತಲಿಲ್ಲವೆಂದಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಆದರೆ ಬಾಗಿಲು ಹಾಕಿಕೊಂಡು ಒಬ್ಬಳೇ ಕತೆ ಓದಿದರೆ ನರಿ, ಕರಡಿ, ಮುದುಕಿ ಎಲ್ಲರ ಧ್ವನಿಯೂ ತಾನಾಗಿ ಬರುತ್ತಿತ್ತು. ಹಾಗಾಗಿ ಮಕ್ಕಳ ಕತೆಗಳನ್ನು ಧ್ವನಿಮುದ್ರಿಸುವ ಸಂಸ್ಥೆಯೊಂದಕ್ಕೆ ನನ್ನ ಓದಿನ ಮಾದರಿ ಕಳಿಸಿದೆ. ಅಲ್ಲಿನ ಮೇಡಂ ಫೋನ್ ಮಾಡಿ ಬಹಳ ಮೃದುವಾಗಿ ಕೇಳಿದರು: “ನೀವು ಇದನ್ನ ಹಿಟ್ಟಿನ ಗಿರಣೀಲಿ ಕೂತ್ಕೊಂಡು ಓದಿದ್ರಾ?” ಹಿಂದಿನ ಸದ್ದು ಹೋದರೆ ಇನ್ನೊಮ್ಮೆ ಕೇಳಿ ನೋಡುವುದಾಗಿಯೂ ಹೇಳಿದರು.

ಅಪ್ಪನ ತೀರ್ಪೂ ಹೊರಬಿತ್ತು. ಇನ್ನೊಂದೇ ಪ್ರಯತ್ನ. ಅದೂ ಕೈಕೊಟ್ಟರೆ ನಾನು ಸೋದರಮಾವನ ಬಣ್ಣದ ಅಂಗಡಿಗೆ ಹೋಗಬೇಕು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಜೊತೆ ಮಾತಾಡಬೇಕು. ಬಿಳಿ ಬಣ್ಣ ಬೇಕೆಂದವರನ್ನು ಯಾವ ಬಿಳಿ ಎಂದು ತಿರುಗಿ ಕೇಳಬೇಕು. 

ಯಾವ ಪರೀಕ್ಷೆಗೂ ಓದದಷ್ಟು ಶ್ರದ್ಧೆಯಿಂದ ಫ್ಯಾನುಗಳ ಬಗ್ಗೆ ಓದಿದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಬೇಕಾದಷ್ಟು ಗಾಳಿ ಸಾಗಿಸುತ್ತದೆ. ಚಿಕ್ಕದು ಅಷ್ಟೇ ಗಾಳಿಗಾಗಿ ಎದ್ದೂ ಬಿದ್ದೂ ಓಡಬೇಕು, ಆದ್ದರಿಂದ ಕಿರುಚುತ್ತದೆ. ಸ್ಕ್ರೂ ಬದಲು ರಬ್ಬರಿನ ಗೂಟ ಸಿಕ್ಕಿಸಿದರೆ ಫ್ಯಾನಿನ ನಡುಕ ಕಂಪ್ಯೂಟರಿನ ಪೆಟ್ಟಿಗೆಗೆ ದಾಟುವುದಿಲ್ಲ. ಇವೆಲ್ಲ ತಿಳಿದ ಮೇಲೆ ಅಮ್ಮನ ಹೊಲಿಗೆ ಡಬ್ಬಿಯ ಟೇಪಿನಿಂದ ಪೆಟ್ಟಿಗೆಯ ಒಳಭಾಗವನ್ನು ಅಳೆದೆ. ಟೇಪನ್ನು ನಂಬದೆ ಸ್ಕೇಲಿನಿಂದ ಅಳೆದೆ. ಸ್ಕೇಲನ್ನೂ ನಂಬದೆ ಹಳೆಯ ಫ್ಯಾನನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

ಊಟದ ಹೊತ್ತಿನಲ್ಲಿ ಈ ಸಂಶೋಧನೆಯನ್ನು ಕುಟುಂಬದ ಮಹಾಸಭೆಯ ಮುಂದಿಟ್ಟೆ. ದೊಡ್ಡ ಫ್ಯಾನಿಗೆ ದೊಡ್ಡ ಸದ್ದೇ ಇರುತ್ತದೆ, ಇದಕ್ಕೆ ಓದು ಬೇಕಿಲ್ಲ ಎಂದು ಅಪ್ಪ ತಳ್ಳಿಹಾಕಿದರು. ಹೇಗೂ ಹೊಸದು ತರುವುದಾದರೆ ಸ್ವಲ್ಪ ಗಾಳಿ ಹೊರಗೂ ಬೀಸುವಂಥದ್ದು ಸಿಗುತ್ತದೆಯೇ ಎಂದು ಅಮ್ಮ ವಿಚಾರಿಸಿದಳು. ಅಜ್ಜಿ ಮಾತ್ರ ತಟ್ಟೆಯಿಂದ ತಲೆಯೆತ್ತಿ ನನ್ನನ್ನೇ ನೋಡಿದಳು.

“ಕಿವೀಲಿ ಕೇಳೋ ವಸ್ತುನ ಕಣ್ಣಲ್ಲಿ ಓದಿ ತಗೋತಾರೇನೇ? ನಾನೂ ಬರ್ತೀನಿ.”

ಬಂದಳು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯವನು ಮೊದಲು ಬಣ್ಣಬಣ್ಣದ ದೀಪ ಮಿನುಗುವ ಫ್ಯಾನುಗಳನ್ನು ಸಾಲಾಗಿ ಇಟ್ಟ. ಇವನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚುತ್ತಾರಲ್ಲ, ಒಳಗೆ ಕೂತು ನೋಡುವವರು ಯಾರು ಎಂದು ಅಜ್ಜಿ ಕೇಳಿದಳು. ಅವನು ದೀಪ ಆರಿಸಿದ. ನನಗೆ ಬೇಕಾದ್ದನ್ನು ನಾನು ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟುವುದು, ಅದನ್ನು ಅವಳು ಬೀದಿಯ ಆಚೆ ಬದಿಗೂ ಕೇಳುವಂತೆ ಅವನಿಗೆ ದಾಟಿಸುವುದು, ಹೀಗೆ ವ್ಯಾಪಾರ ಸಾಗಿತು. ಆಮೇಲೆ ಎಲ್ಲವನ್ನೂ ತಿರುಗಿಸಿ ತೋರಿಸಲು ಹೇಳಿದಳು. ಹೊರಗೆ ಬಸ್ಸುಗಳ ಗದ್ದಲ. ಅಜ್ಜಿ ಅವನ ಕೈಯಿಂದಲೇ ಷಟರನ್ನು ಅರ್ಧಕ್ಕೆ ಎಳೆಸಿ, ಒಂದೊಂದು ಫ್ಯಾನಿಗೂ ಕಿವಿಯಿಟ್ಟು ಪರೀಕ್ಷೆಗೆ ನಿಂತಳು. ಮೊದಲನೆಯದು ಗೊಣಗುತ್ತದಂತೆ. ಎರಡನೆಯದಕ್ಕೆ ನೆಗಡಿಯಂತೆ. ಮೂರನೆಯದರ ಮುಂದೆ ಮುಖ ಅರಳಿತು.

“ಇದು ನೋಡು. ಎಷ್ಟು ಮರ್ಯಾದಸ್ಥ. ತುಟಿಪಿಟಕ್ ಅನ್ನಲ್ಲ.”

“ಅಜ್ಜಿ, ಅದಕ್ಕಿನ್ನೂ ಕರೆಂಟ್ ಕೊಟ್ಟಿಲ್ಲ,” ಎಂದ ಅಂಗಡಿಯವನು.

“ಕೊಡದೇನೆ ಇಷ್ಟು ಒಳ್ಳೇದಿದೆ. ಕೊಟ್ಟು ಯಾಕೆ ಕೆಡಿಸ್ತೀಯ?”

ನನ್ನ ಅದೃಷ್ಟಕ್ಕೆ, ಬಹಳ ಓದಿ ನಾನು ಆರಿಸಿಟ್ಟುಕೊಂಡಿದ್ದ ಅಗಲವಾದ, ನಿಧಾನದ ಫ್ಯಾನೂ ಅದೇ ಆಗಿತ್ತು. ಕರೆಂಟ್ ಕೊಟ್ಟ ಮೇಲೂ ಅದು ಮರ್ಯಾದೆ ಬಿಡಲಿಲ್ಲ. ಅಂಥ ಎರಡನ್ನು ತಂದು, ಗಾಳಿ ಯಾವ ಕಡೆಗೆಂದು ಬಾಣದ ಗುರುತು ನೋಡಿ, ರಬ್ಬರಿನ ಗೂಟ ಸಿಕ್ಕಿಸಿ ಗುಂಡಿ ಒತ್ತಿದೆ. ಏನೂ ಕೇಳಲಿಲ್ಲ. ಕೆಟ್ಟಿತೆಂದು ಗಾಬರಿಯಾಗಿ ಒಳಗೆ ಇಣುಕಿದರೆ ಎರಡೂ ತಣ್ಣಗೆ ತಿರುಗುತ್ತಿದ್ದವು. ಕಂಪ್ಯೂಟರ್ ನಡೆಯುತ್ತಿರುವಾಗಲೇ ಮೊದಲ ಬಾರಿ ನನಗೆ ನನ್ನ ಕೋಣೆಯ ಗಡಿಯಾರ ಕೇಳಿಸಿತು. (ಅದನ್ನು ತೆಗೆದು ಬೀರುವಿನೊಳಗೆ ಬಟ್ಟೆ ಸುತ್ತಿ ಇಟ್ಟೆ.)

ತೊಂದರೆ ಶುರುವಾಗಿದ್ದು ಆಮೇಲೆ. ನಮ್ಮ ಮನೆಯವರು ಆ ಆರ್ಭಟವೊಂದನ್ನೇ ಗುರುತಾಗಿ ನಂಬಿ ಬದುಕಿದವರು. ಸದ್ದಿದ್ದರೆ ಕೋಣೆಗೆ ಕಾಲಿಡಬಾರದು, ಸದ್ದಿಲ್ಲದಿದ್ದರೆ ಇಡಬಹುದು. ನಾನು ಓದುತ್ತಿದ್ದ ಕತೆಯಲ್ಲಿ ನರಿ ಬಾವಿಗೆ ಬಗ್ಗಿ ನೋಡುವ ಹೊತ್ತಿಗೆ ಸರಿಯಾಗಿ ಅಪ್ಪ ಕನ್ನಡಕ ಹುಡುಕುತ್ತ ಒಳಗೆ ಬಂದರು. ಮತ್ತೆ ಮೊದಲಿನಿಂದ ಓದಿದೆ. ಈ ಸಲ ಅಮ್ಮ ಬಂದು, ಸುಮ್ಮನೆ ಯಾಕೆ ಸ್ವಿಚ್ ಹಾಕಿಟ್ಟಿದ್ದಾಳೆ ಎಂದುಕೊಂಡು ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಬಾವಿ, ನರಿ ಎಲ್ಲ ಒಟ್ಟಿಗೆ ಕತ್ತಲಾದವು.

ಕೊನೆಗೊಂದು ಮಧ್ಯಾಹ್ನ ಇಬ್ಬರೂ ಹೊರಗೆ ಹೋಗಿದ್ದಾಗ ಇಡೀ ಕತೆಯನ್ನು ಒಂದೇ ಓಟದಲ್ಲಿ ಓದಿ ಮುಗಿಸಿದೆ. ಕಂಪ್ಯೂಟರಿನ ಪರದೆಯ ಗುಂಡಿ ಒತ್ತಿದೆ. ಕತ್ತಲಾಯಿತು, ನಿಶ್ಶಬ್ದವೂ ಇತ್ತು, ಕಂಪ್ಯೂಟರ್ ಆರಿತೆಂದು ಕುರ್ಚಿಗೆ ಒರಗಿದೆ. ಅಪ್ಪನನ್ನೂ ಅಮ್ಮನನ್ನೂ ಮನಸ್ಸಿನಲ್ಲೇ ಬೈದ ನಾನೂ ಅದೇ ಮನೆಯವಳಲ್ಲವೇ?

ಬಾಗಿಲಾಚೆ ಕೂತು ಕೇಳುತ್ತಿದ್ದ ಅಜ್ಜಿ ಒಳಗೆ ಬಂದಳು. ನನ್ನ ನರಿ ಬಹಳ ಸಭ್ಯವಾಯಿತಂತೆ, ಅಷ್ಟು ಸಭ್ಯ ನರಿ ಯಾರಿಗೂ ಮೋಸ ಮಾಡಲಾರದಂತೆ. ನರಿಯೆಂದರೆ ಹೇಗಿರಬೇಕೆಂದು ತೋರಿಸಲು ಕತೆಯನ್ನು ಮೊದಲಿನಿಂದ ತಾನೇ ಹೇಳಿದಳು. ಹೇಳುತ್ತ ಹೇಳುತ್ತ ಅದಕ್ಕೊಂದು ಕರಡಿಯನ್ನೂ ಸೇರಿಸಿದಳು. ನಾನು ಚಿಕ್ಕಂದಿನ ಅಭ್ಯಾಸದಂತೆ ಹೂಂಗುಟ್ಟುತ್ತ ಕೂತಿದ್ದೆ.

ಅವಳು ಎದ್ದುಹೋದ ಮೇಲೆ ಪರದೆಯನ್ನು ಮತ್ತೆ ಆನ್ ಮಾಡಿ ನೋಡಿದರೆ ಧ್ವನಿಮುದ್ರಣ ಇನ್ನೂ ಓಡುತ್ತಲೇ ಇದೆ. ಆದರೆ ನಾನು ಜೋಪಾನದ ಹುಡುಗಿ. ಅದನ್ನು ಎರಡು ತುಂಡು ಮಾಡಿದೆ, ನನ್ನ ಓದು ಒಂದು, ಅಜ್ಜಿಯ ಉಪನ್ಯಾಸ ಒಂದು. ನನ್ನದನ್ನು ಹೆಡ್‌ಫೋನ್ ಹಾಕಿ ಕೇಳಿದೆ, ಸಮಾಧಾನವಾಗದೆ ಮತ್ತೆ ಕೇಳಿದೆ. ಒಂದು ಗುಟುರೂ ಇಲ್ಲ. ಒಂದನ್ನು ಸಂಸ್ಥೆಗೆ ಕಳಿಸಿ, ಇನ್ನೊಂದನ್ನು ಗೊಂದಲವೇ ಬೇಡವೆಂದು ಅಳಿಸಿಹಾಕಿದೆ.

ಮೇಡಂ ಫೋನ್ ಬಂದಾಗ ಮನೆಯವರೆಲ್ಲ ಸುತ್ತ ನಿಂತಿದ್ದರು. ಸದ್ದು ಒಂದಿಷ್ಟೂ ಇಲ್ಲ, ತಮ್ಮ ಸ್ಟುಡಿಯೋದಲ್ಲೂ ಇಷ್ಟು ಶುಭ್ರವಾಗಿ ಬರುವುದಿಲ್ಲ ಎಂದರು. ನಾನು ಅಪ್ಪನತ್ತ ನೋಡಿದೆ. ಅಪ್ಪ ಸೋದರಮಾವನಿಗೆ ಹೇಳಬೇಕಾದ ನೆಪವನ್ನು ಆಗಲೇ ಯೋಚಿಸುತ್ತಿದ್ದಂತೆ ಕಂಡರು.

“ಆ ಕರಡಿ ಇದೆಯಲ್ಲ,” ಎಂದರು ಮೇಡಂ, “ನಾವೆಲ್ಲ ನಕ್ಕು ನಕ್ಕು ಸಾಕಾಯ್ತು. ಆ ಅಜ್ಜಿ ನಿಮಗೇನಾಗಬೇಕು?”

ನನ್ನ ಓದಿನಲ್ಲಿ ಕರಡಿ ಇರಲಿಲ್ಲ. ನನ್ನ ಓದು ಈಗ ಎಲ್ಲಿಯೂ ಇರಲಿಲ್ಲ.

ಅವರು ಅಜ್ಜಿಗೆ ಕೆಲಸ ಕೊಟ್ಟರು. ನನಗೂ ಕೊಟ್ಟರು. ಅಜ್ಜಿ ಕತೆ ಹೇಳಬೇಕು, ನಾನು ಮುದ್ರಿಸಿ, ತಿದ್ದಿ, ಒಪ್ಪ ಮಾಡಿ ಕಳಿಸಬೇಕು. ಜೊತೆಗೆ ನಡುನಡುವೆ ಹೂಂ ಎನ್ನುವ ಹುಡುಗಿಯನ್ನು ಯಾವ ಕಾರಣಕ್ಕೂ ಬಿಡಬಾರದು, ಮಕ್ಕಳಿಗೆ ಜೊತೆಯಲ್ಲಿ ಯಾರೋ ಕೂತು ಕೇಳುತ್ತಿರುವಂತೆ ಅನಿಸುತ್ತದೆ ಎಂದರು. ಬಣ್ಣದ ಅಂಗಡಿ ತಪ್ಪಿತು. ಆ ರಾತ್ರಿ ನನಗೆ ಎರಡು ಊಟದ ಹಸಿವಿತ್ತು.

ಮರುದಿನವೇ ಮೊದಲ ಕತೆಗೆ ಕೂತೆವು. ಅಜ್ಜಿ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ಆರಂಭಿಸಿದಳು. ನಾನು ಸರಿಯಾದ ಜಾಗ ನೋಡಿ, ಬಹಳ ಎಚ್ಚರಿಕೆಯಿಂದ, ಹೂಂ ಎಂದೆ. ಅಜ್ಜಿ ಕತೆ ನಿಲ್ಲಿಸಿದಳು.

“ಏನೇ ಅದು, ಸಾಲ ಒಪ್ಪಿಕೊಂಡವರ ಹಾಗೆ? ಇನ್ನೊಂದ್ಸಲ ಅನ್ನು. ಜೀವ ಇಟ್ಟು ಅನ್ನು.”

ಸಂಜೆಯವರೆಗೂ ಅಂದೆ. ಎಲ್ಲ ಪಾತ್ರಗಳ ಧ್ವನಿ ತೆಗೆಯಬಲ್ಲೆನೆಂದು ಕೆಲಸ ಹುಡುಕಿದವಳಿಗೆ ಕೊನೆಗೆ ದಕ್ಕಿದ್ದು ಒಂದೇ ಅಕ್ಷರ. ಅದಕ್ಕೂ ಇನ್ನೂ ಅಜ್ಜಿಯ ಒಪ್ಪಿಗೆ ಸಿಕ್ಕಿಲ್ಲ.